ಚಳಿಗಾಲದಲ್ಲಿ ತಲೆಗೂದಲಿನ ಆರೈಕೆ: ಎಣ್ಣೆ ಬಾಟಲಿಗಿಂತ ಮೊದಲು



ದೀಪಾವಳಿ ಮುಗಿದು ಥಂಡಿ ಶುರುವಾಯಿತೆಂದರೆ ಸಂಘದ ಸಭೆಗಳಲ್ಲಿ ಒಂದು ಮಾತು ಬಂದೇ ಬರುತ್ತದೆ. ಉಳಿತಾಯ ಬರೆದದ್ದಾಯಿತು, ಸಾಲದ ಕಂತು ಎಣಿಸಿದ್ದಾಯಿತು, ಇನ್ನೇನು ಏಳಬೇಕು ಅನ್ನುವಷ್ಟರಲ್ಲಿ ಯಾರೋ ಒಬ್ಬರು ಸೆರಗು ಸರಿಸಿ ತಲೆ ತೋರಿಸುತ್ತಾರೆ. "ನೋಡ್ರಿ ಅಕ್ಕಾರ, ಥಂಡಿ ಬಂತು ಅಂದ್ರ ಸಾಕು, ಕೂದ್ಲಾ ಹಿಡಿ ಹಿಡಿ ಬರಾಕತ್ತಾವ. ಯಾವ ಎಣ್ಣಿ ಹಚ್ಚಬೇಕು ಹೇಳ್ರಿ."

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ನಮಗೆ ಉದುರಿದ ಕೂದಲಿನ ಲೆಕ್ಕ ಚೆನ್ನಾಗಿ ಗೊತ್ತು. ಬಾಚಿದಾಗ ಬಂದ ಕೂದಲನ್ನು ಸುತ್ತಿ ಗೋಡೆಯ ಮಾಡದಲ್ಲೋ ಪ್ಲಾಸ್ಟಿಕ್ ಚೀಲದಲ್ಲೋ ಇಡುತ್ತೇವೆ. ಓಣಿಗೆ ಕೂದಲಿನವರು ಬಂದಾಗ ಅದನ್ನು ಕೊಟ್ಟು ಪಿನ್ನು, ಪಾತ್ರೆ ತೆಗೆದುಕೊಳ್ಳುತ್ತೇವೆ. ಕೊಪ್ಪಳದ ಮಗ್ಗುಲಿನ ಭಾಗ್ಯನಗರವಂತೂ ಕೂದಲು ಬಿಡಿಸಿ, ಸ್ವಚ್ಛ ಮಾಡಿ ಹೊರದೇಶಕ್ಕೆ ಕಳಿಸುವ ಉದ್ಯೋಗಕ್ಕೇ ಹೆಸರಾದ ಊರು. ಆದರೆ ಆ ಚೀಲ ಬೇಗ ಬೇಗ ತುಂಬತೊಡಗಿದರೆ ಪಾತ್ರೆ ಬಂತೆಂದು ಖುಷಿ ಪಡುವಂತಿಲ್ಲ. ಯಾಕೆ ತುಂಬುತ್ತಿದೆ ಎಂದು ಕೇಳಬೇಕು.

ಈ ಸಲ ನಾವು ಅದನ್ನೇ ಬಿಡಿಸಿ ಹೇಳುತ್ತೇವೆ. ಒಂದು ಮಾತು ಮೊದಲೇ ಹೇಳಿಬಿಡೋಣ. ಥಂಡಿ ಕೂದಲನ್ನು ಒಣಗಿಸುತ್ತದೆ, ಮುರಿಯುತ್ತದೆ. ಅದಕ್ಕೆ ಮನೆಯಲ್ಲೇ ಉಪಾಯ ಇದೆ. ಬುಡಸಮೇತ ಬರುವ ಕೂದಲಿನ ಕಥೆ ಬೇರೆ. ಅದರ ಕಾರಣ ಬಹಳ ಸಲ ಮೈಯೊಳಗೆ ಇರುತ್ತದೆ. ಅದಕ್ಕೆ ಎಷ್ಟು ಎಣ್ಣೆ ಸುರಿದರೂ ಪ್ರಯೋಜನ ಇಲ್ಲ.

ಕೂದಲು ಹೇಗೆ ಬೆಳೆಯುತ್ತದೆ?

ನಮ್ಮ ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ನಮಗೆ ಕಾಣುವ ಕೂದಲಿಗೆ ಜೀವ ಇಲ್ಲ. ಉಗುರಿನ ಹಾಗೆಯೇ, ಕತ್ತರಿಸಿದರೂ ನೋವಾಗುವುದಿಲ್ಲ. ಜೀವ ಇರುವುದು ಚರ್ಮದ ಒಳಗಿನ ಬುಡದಲ್ಲಿ. ಆ ಬುಡಕ್ಕೆ ಆಹಾರ ಹೋಗುವುದು ರಕ್ತದ ಮೂಲಕ. ಮೇಲಿನಿಂದ ಹಚ್ಚಿದ ಎಣ್ಣೆ ಬುಡಕ್ಕೆ ಊಟ ಆಗುವುದಿಲ್ಲ.

ಒಂದೊಂದು ಕೂದಲೂ ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಕೆಲವು ವರ್ಷ ಬೆಳೆದ ಮೇಲೆ ನಿಂತು, ಸುಮಾರು ಮೂರು ತಿಂಗಳು ವಿಶ್ರಾಂತಿ ತೆಗೆದುಕೊಂಡು ಉದುರುತ್ತದೆ. ಅದೇ ಜಾಗದಲ್ಲಿ ಹೊಸದು ಹುಟ್ಟುತ್ತದೆ. ಹೀಗಾಗಿ ಆರೋಗ್ಯವಂತರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ.

ಇಲ್ಲಿ ಒಂದು ಲೆಕ್ಕ ಗಮನಿಸಿ. ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ತಲೆಗೆ ಎರಕೊಳ್ಳುವವರು ಥಂಡಿಯಲ್ಲಿ ವಾರಕ್ಕೊಮ್ಮೆ, ಕೆಲವರು ಹದಿನೈದು ದಿನಕ್ಕೊಮ್ಮೆ ಎರಕೊಳ್ಳುತ್ತಾರೆ. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಸುಗ್ಗಿಯಲ್ಲಿ ದಿನಾ ಬಿಚ್ಚಿ ಬಾಚಲಿಕ್ಕೂ ಪುರುಸೊತ್ತು ಇರುವುದಿಲ್ಲ. ದಿನಾ ಉದುರಬೇಕಾದದ್ದೆಲ್ಲ ಜಡೆಯೊಳಗೇ ಸಿಕ್ಕಿಕೊಂಡು, ಎರಕೊಂಡ ದಿನ ಒಮ್ಮೆಲೇ ಕೈಗೆ ಬರುತ್ತದೆ. ಹಿಡಿಗಟ್ಟಲೆ ಬಂತೆಂದು ಗಾಬರಿ ಆಗುತ್ತದೆ. ಅದು ಏಳು ದಿನದ ಬಾಕಿ, ಒಂದು ದಿನದ್ದಲ್ಲ.

ಮುರಿದದ್ದೋ, ಉದುರಿದ್ದೋ?

ಔಷಧಿಗಿಂತ ಮೊದಲು ಈ ಪರೀಕ್ಷೆ ಮಾಡಿ. ಖರ್ಚಿಲ್ಲ. ಬಾಚಣಿಗೆಗೆ ಬಂದ ನಾಲ್ಕಾರು ಕೂದಲನ್ನು ಬಿಳಿ ಬಟ್ಟೆಯ ಮೇಲೆ ಇಟ್ಟು ಎರಡೂ ತುದಿ ನೋಡಿ.

1. ಕೂದಲು ಗಿಡ್ಡ ಇದೆ, ಎರಡೂ ತುದಿಯಲ್ಲಿ ಏನೂ ಇಲ್ಲ ಅಂದರೆ ಅದು ನಡುವೆ ಮುರಿದದ್ದು. ಒಣಹವೆ, ಸೋಪು, ಒರಟು ಬಾಚಣಿಗೆ ಇದಕ್ಕೆ ಕಾರಣ.

2. ಕೂದಲು ಪೂರ್ತಿ ಉದ್ದ ಇದೆ, ಒಂದು ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಗಂಟು ಇದೆ ಅಂದರೆ ಅದು ಬುಡದಿಂದ ಉದುರಿದ್ದು. ಆ ಬಿಳಿ ಗಂಟು ನೋಡಿ "ಬೇರೇ ಕಿತ್ತು ಬಂತು, ಇನ್ನ ಹುಟ್ಟೂದಿಲ್ಲ" ಅಂತ ಹೆದರಬೇಡಿ. ಕೂದಲು ಹುಟ್ಟಿಸುವ ಬುಡ ಚರ್ಮದ ಒಳಗೇ ಇರುತ್ತದೆ.

ಇನ್ನೊಂದು ಪರೀಕ್ಷೆ. ಎರಕೊಂಡು ಒಂದೆರಡು ದಿನ ಆದ ಮೇಲೆ, ಐವತ್ತು ಅರವತ್ತು ಕೂದಲಿನ ಒಂದು ಎಳೆಯನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಬುಡದಿಂದ ತುದಿಗೆ ಎಳೆಯಿರಿ. ಒಂದೆರಡು ಬಂದರೆ ಚಿಂತೆ ಇಲ್ಲ. ತಲೆಯ ಎಲ್ಲ ಕಡೆ ಐದಾರಕ್ಕಿಂತ ಹೆಚ್ಚು ಬರುತ್ತಿದ್ದರೆ ಕಾರಣ ಹುಡುಕಬೇಕು.

ಥಂಡಿ ಏನು ಮಾಡುತ್ತದೆ?

ಕಾರ್ತಿಕದಿಂದ ಮಾಘದವರೆಗೆ ನಮ್ಮ ಭಾಗದಲ್ಲಿ ಒಣಗಾಳಿ. ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ. ಕೂದಲಿಗೂ ಅದೇ ಗತಿ. ತಲೆಯ ಚರ್ಮದಿಂದ ಬರುವ ಸಹಜವಾದ ಜಿಡ್ಡು ಕೂದಲಿಗೆ ರಕ್ಷಣೆ. ಒಣಗಾಳಿಯಲ್ಲಿ ಕೂದಲು ಮೊದಲೇ ಒರಟಾಗಿರುತ್ತದೆ. ಆ ಮೇಲೆ ಹಂಡೆಯ ಕುದಿ ಕುದಿ ನೀರು, ಮೈಸೋಪು ಸೇರಿದರೆ ಇದ್ದ ಜಿಡ್ಡೂ ತೊಳೆದು ಹೋಗುತ್ತದೆ. ಕೂದಲು ತೆಂಗಿನ ನಾರಿನ ಹಾಗಾಗಿ, ಬಾಚಿದಲ್ಲೆಲ್ಲ ತುಂಡಾಗುತ್ತದೆ. ಇದಕ್ಕೆ ಮಾಡಬೇಕಾದದ್ದು ಇಷ್ಟು:

ನೀರು: ಮೈಗೆ ಎಷ್ಟೇ ಬಿಸಿ ಇರಲಿ, ತಲೆಗೆ ಉಗುರುಬೆಚ್ಚಗಿನ ನೀರು ಸಾಕು. ಮೊಣಕೈಗೆ ಹಾಕಿ ನೋಡಿದರೆ ಬಿಸಿ ಹತ್ತಬಾರದು. ಬೋರ್‌ವೆಲ್ ನೀರು ಗಡಸು ಇರುವ ಊರುಗಳಲ್ಲಿ ಸೋಪು ನೊರೆ ಬರುವುದಿಲ್ಲ, ಕೂದಲಿಗೆ ಬಿಳಿ ಜಿಗುಟು ಹತ್ತಿಕೊಳ್ಳುತ್ತದೆ. ಅಂಥ ಕಡೆ ಮೈಸೋಪು, ಬಟ್ಟೆಸೋಪು ತಲೆಗೆ ಬೇಡವೇ ಬೇಡ. ಕೊನೆಗೆ ಒಂದು ತಂಬಿಗೆ ಕುಡಿಯುವ ನೀರಿನ ಘಟಕದ ನೀರನ್ನು ಹಾಕಿಕೊಂಡರೆ ಜಿಗುಟು ಕಡಿಮೆ.

ತೊಳೆಯಲು: ಸೀಗೆಕಾಯಿ, ಅಂಟುವಾಳ, ಕಡಲೆಹಿಟ್ಟು ಇವು ನಮ್ಮ ಹಿರಿಯರ ಪದ್ಧತಿ. ಸೀಗೆಪುಡಿಯನ್ನು ನುಣ್ಣಗೆ ಸೋಸಿ, ಅನ್ನದ ಗಂಜಿಯಲ್ಲಿ ಕಲಸಿ ಹಚ್ಚಿದರೆ ಕೂದಲು ಒರಟಾಗುವುದು ಕಡಿಮೆ. ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ, ಬಹಳ ಉರಿಯುತ್ತದೆ. ಶಾಂಪೂ ಹಾಕುವವರು ಹಾಕಲಿ, ತಪ್ಪಿಲ್ಲ. ಸ್ಯಾಶೆಯನ್ನು ನೇರ ತಲೆಗೆ ಸುರಿಯದೆ ಅರ್ಧ ತಂಬಿಗೆ ನೀರಿನಲ್ಲಿ ಕಲಸಿ ತಲೆಯ ಚರ್ಮಕ್ಕೆ ಮಾತ್ರ ತಿಕ್ಕಿರಿ. ಕೆಳಗಿನ ಉದ್ದ ಕೂದಲಿಗೆ ಇಳಿದು ಬರುವ ನೊರೆಯೇ ಸಾಕು. ಥಂಡಿಯಲ್ಲಿ ವಾರಕ್ಕೊಮ್ಮೆ ಅಥವಾ ಎರಡು ಸಲ ಎರಕೊಂಡರೆ ಸಾಕು. ಧೂಳಿನಲ್ಲಿ ದುಡಿಯುವವರು ಹದಿನೈದು ದಿನ ಬಿಡುವುದು ಸರಿಯಲ್ಲ.

ಎಣ್ಣೆ: ಎಣ್ಣೆ ಕೂದಲನ್ನು ಬೆಳೆಸುವುದಿಲ್ಲ, ಆದರೆ ಮುರಿಯದಂತೆ ಕಾಯುತ್ತದೆ. ಇದಕ್ಕೆ ಸಾದಾ ಕೊಬ್ಬರಿ ಎಣ್ಣೆಯೇ ಸಾಕು. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆ ಮೂರನ್ನೂ ಹೋಲಿಸಿದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ತೊಳೆಯುವಾಗ ಕೂದಲಿನ ಸಾರ ಹೋಗುವುದನ್ನು ಚೆನ್ನಾಗಿ ತಡೆದದ್ದು ಕೊಬ್ಬರಿ ಎಣ್ಣೆ ಒಂದೇ ಎಂದು ಅದರಲ್ಲಿ ಕಂಡುಬಂತು. ಎರಕೊಳ್ಳುವ ಮೊದಲಿನ ರಾತ್ರಿ ಅಥವಾ ಒಂದೆರಡು ತಾಸು ಮೊದಲು ಕೂದಲಿನ ಉದ್ದಕ್ಕೂ, ಮುಖ್ಯವಾಗಿ ತುದಿಗೆ, ತೆಳ್ಳಗೆ ಹಚ್ಚಿರಿ. ಥಂಡಿಯಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುವುದೇ ಅದರ ಗುಣ, ಕೆಟ್ಟಿದೆ ಎಂದಲ್ಲ. ಬಾಟಲಿಯನ್ನು ಒಲೆಯ ಮೇಲೆ ಇಡಬೇಡಿ. ಬಿಸಿ ನೀರಿನ ಬೋಗುಣಿಯಲ್ಲಿ ಐದು ನಿಮಿಷ ಇಟ್ಟರೆ ಕರಗುತ್ತದೆ.

ಒಣಗಿಸುವುದು: ಒದ್ದೆ ಕೂದಲು ಬಹಳ ನಾಜೂಕು. ಟವೆಲಿನಿಂದ ಬಡಿಯುವುದು, ಹಿಂಡುವುದು ಬೇಡ. ಹಳೆಯ ಹತ್ತಿ ಸೀರೆ ತುಂಡಿನಲ್ಲಿ ಒತ್ತಿ ನೀರು ತೆಗೆದು, ಬೆಳಗಿನ ಎಳೆಬಿಸಿಲಿಗೆ ಕೂತು ಒಣಗಿಸಿ. ಸಿಕ್ಕನ್ನು ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರುಮಾಡಿ ಮೇಲಕ್ಕೆ ಬಿಡಿಸುತ್ತಾ ಬನ್ನಿ. ಒಲೆಯ ಮುಂದೆ ಬಗ್ಗಿ ಕೂದಲು ಒಣಗಿಸುವುದು ಅಪಾಯ. ಬಾಣಂತಿಯರಿಗೆ ಧೂಪ ಹಾಕುವ ಮನೆಗಳಲ್ಲಿ ಬಾಗಿಲು, ಕಿಟಕಿ ಮುಚ್ಚಿ ಕೆಂಡ ಇಡಬೇಡಿ. ಕೆಂಡದಿಂದ ವಾಸನೆ ಇಲ್ಲದ ವಿಷಗಾಳಿ ಹೊರಡುತ್ತದೆ. ಅದು ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ.

ಕಟ್ಟುವುದು: ಎಳೆದು ಬಿಗಿಯಾಗಿ ಹೆಣೆದ ಜಡೆ, ಬಿಗಿ ತುರುಬು ವರ್ಷಗಟ್ಟಲೆ ಆದರೆ ಹಣೆಯ ಮೇಲಿನ ಮತ್ತು ಕಿವಿಯ ಪಕ್ಕದ ಕೂದಲು ಹಿಂದಕ್ಕೆ ಸರಿಯುತ್ತದೆ. ಬಹಳ ವರ್ಷ ಹೀಗಾದರೆ ಮತ್ತೆ ಹುಟ್ಟುವುದಿಲ್ಲ. ಶಾಲೆಗೆ ಹೋಗುವ ಹೆಣ್ಣುಮಕ್ಕಳ ಜಡೆ ಸ್ವಲ್ಪ ಸಡಿಲ ಇರಲಿ. ಹೊಲಕ್ಕೆ ಹೋಗುವಾಗ ಹತ್ತಿ ಬಟ್ಟೆ ಕಟ್ಟಿಕೊಳ್ಳಿ. ಉಣ್ಣೆಯ ಸ್ಕಾರ್ಫ್ ಕೂದಲನ್ನು ಉಜ್ಜುತ್ತದೆ, ಅದರ ಒಳಗೊಂದು ಹತ್ತಿ ಬಟ್ಟೆ ಇರಲಿ. ಹೊರೆ ಹೊರುವಾಗ ಸಿಂಬಿ ಮೆತ್ತಗೆ, ದಪ್ಪಗೆ ಇರಲಿ.

ಹೊಟ್ಟು ಮತ್ತು ಹೇನು

ಥಂಡಿಯಲ್ಲಿ ಹೊಟ್ಟು ಹೆಚ್ಚು. ಅದರಲ್ಲಿ ಎರಡು ತರ. ಒಣಗಿದ, ಸಣ್ಣ ಬಿಳಿ ಪುಡಿ ಉದುರುತ್ತಿದ್ದರೆ ಅದು ಬರೀ ಒಣಚರ್ಮ. ಬಿಸಿ ನೀರು, ಸೋಪು ಕಡಿಮೆ ಮಾಡಿ ಎಣ್ಣೆ ಹಚ್ಚಿದರೆ ತಗ್ಗುತ್ತದೆ. ಜಿಡ್ಡುಜಿಡ್ಡಾದ, ಹಳದಿ ಬಣ್ಣದ ಪದರ, ಜೊತೆಗೆ ತುರಿಕೆ ಇದ್ದರೆ ಬೇರೆ. ಚರ್ಮದ ಮೇಲೆ ಸಹಜವಾಗಿ ಇರುವ ಒಂದು ಬಗೆಯ ಶಿಲೀಂಧ್ರ ಇದರಲ್ಲಿ ಪಾಲುಗಾರ. ಅದು ಎಣ್ಣೆಯ ಜಿಡ್ಡನ್ನೇ ತಿಂದು ಹೆಚ್ಚುತ್ತದೆ. ಇದಕ್ಕೆ ರಾತ್ರಿಯೆಲ್ಲ ಎಣ್ಣೆ ಬಿಟ್ಟರೆ ಹೊಟ್ಟು ಹೋಗುವುದಿಲ್ಲ, ಹೆಚ್ಚಾಗುತ್ತದೆ. ವೈದ್ಯರನ್ನು ಕೇಳಿ ಕೀಟೊಕೊನಜೋಲ್ ಇರುವ ಶಾಂಪೂ ತೆಗೆದುಕೊಳ್ಳಿ. ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಬೇಕು. ವಾರಕ್ಕೆ ಎರಡು ಸಲದಂತೆ ಕೆಲವು ವಾರ ಮಾಡಬೇಕಾಗುತ್ತದೆ.

ಒಂದೇ ಕೌದಿಯಲ್ಲಿ ಮಕ್ಕಳೆಲ್ಲ ಒತ್ತಿ ಮಲಗುವ ಥಂಡಿ ದಿನಗಳಲ್ಲಿ ಹೇನು ತಲೆಯಿಂದ ತಲೆಗೆ ಬೇಗ ದಾಟುತ್ತದೆ. ಹೇನು ಬಂದರೆ ನಾಚಿಕೆ ಬೇಡ, ಅದು ಕೊಳಕಿನ ಗುರುತಲ್ಲ. ಒದ್ದೆ ಕೂದಲಿಗೆ ಎಣ್ಣೆ ಹಚ್ಚಿ ಸಣ್ಣ ಹಲ್ಲಿನ ಹೇನಿನ ಬಾಚಣಿಗೆಯಿಂದ ಎರಡು ಮೂರು ದಿನಕ್ಕೊಮ್ಮೆ, ಎರಡು ವಾರ ಬಿಡದೆ ಬಾಚಬೇಕು. ಔಷಧಿ ಅಂಗಡಿಯ ಪರ್ಮೆಥ್ರಿನ್ ಲೋಷನ್ ಹಚ್ಚುವುದಾದರೆ ಚೀಟಿಯಲ್ಲಿ ಹೇಳಿದಷ್ಟೇ ಹೊತ್ತು ಇಟ್ಟು ತೊಳೆದು, ಒಂದು ವಾರ ಅಥವಾ ಹತ್ತು ದಿನ ಆದ ಮೇಲೆ ಇನ್ನೊಮ್ಮೆ ಹಚ್ಚಬೇಕು. ಯಾಕೆಂದರೆ ಸೀರು ಒಡೆದು ಹೊಸ ಹೇನು ಬರುತ್ತದೆ. ಮನೆಯವರಿಗೆಲ್ಲ ಒಟ್ಟಿಗೇ ನೋಡಿ.

ಸೀಮೆಎಣ್ಣೆ ಹಾಗೂ ಹೊಲಕ್ಕೆ ಹೊಡೆಯುವ ಔಷಧಿಯನ್ನು ಯಾವ ಕಾರಣಕ್ಕೂ ತಲೆಗೆ ಹಚ್ಚಬೇಡಿ. ಸೀಮೆಎಣ್ಣೆ ಚರ್ಮ ಸುಡುತ್ತದೆ, ಒಲೆಯ ಹತ್ತಿರ ಹೋದರೆ ಬೆಂಕಿ ಹಿಡಿಯುತ್ತದೆ. ಹೊಲದ ಔಷಧಿ ತಲೆಯ ಚರ್ಮದ ಮೂಲಕವೇ ಮೈಗೆ ಇಳಿದು ಮಗುವಿನ ಜೀವ ತೆಗೆಯಬಹುದು.

ಬುಡದಿಂದ ಉದುರಿದರೆ: ಮೂರು ತಿಂಗಳ ಹಿಂದಿನ ಲೆಕ್ಕ

ಈಗ ಮುಖ್ಯ ಮಾತಿಗೆ ಬಂದೆವು. ನಾವು ಬ್ಯಾಂಕಿಗೆ ಮೂರು ತಿಂಗಳಿಗೊಮ್ಮೆ ಹೋಗಿ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿದರೆ ಏನಾಗುತ್ತದೆ? ಹಿಂದೆ ತೆಗೆದ ಹಣ ಇವತ್ತು ಕಾಣುತ್ತದೆ. ಕೂದಲೂ ಹಾಗೆಯೇ. ಮೈಗೆ ದೊಡ್ಡ ಪೆಟ್ಟು ಬಿದ್ದಾಗ ದೇಹ ಜೀವ ಉಳಿಸುವ ಕೆಲಸಕ್ಕೆ ಶಕ್ತಿ ಕೊಟ್ಟು, ಕೂದಲು ಬೆಳೆಸುವ ಕೆಲಸ ನಿಲ್ಲಿಸುತ್ತದೆ. ಬಹಳಷ್ಟು ಕೂದಲು ಒಟ್ಟಿಗೇ ವಿಶ್ರಾಂತಿಗೆ ಹೋಗುತ್ತದೆ. ಅದೆಲ್ಲ ಉದುರುವುದು ಎರಡು ಮೂರು ತಿಂಗಳಾದ ಮೇಲೆ.

ಹಾಗಾದರೆ ಲೆಕ್ಕ ಹಾಕಿ. ಶ್ರಾವಣ, ಭಾದ್ರಪದದಲ್ಲಿ ಡೆಂಗ್ಯೂ, ಟೈಫಾಯಿಡ್, ಚಿಕೂನ್‌ಗುನ್ಯಾ ಅಂತ ಮಲಗಿ ಎದ್ದವರಿಗೆ ಕೂದಲು ಉದುರುವುದು ಯಾವಾಗ? ಸರಿಯಾಗಿ ಕಾರ್ತಿಕ, ಮಾರ್ಗಶಿರದಲ್ಲಿ. ಆಗ ಥಂಡಿ ಶುರುವಾಗಿರುತ್ತದೆ, ಬೈಗುಳ ಥಂಡಿಗೆ ಬೀಳುತ್ತದೆ. ತಪ್ಪು ಮಾಡಿದ್ದು ಮಳೆಗಾಲದ ಜ್ವರ.

ಆದ್ದರಿಂದ ಬಿಳಿಗಂಟಿನ ಕೂದಲು ಹೆಚ್ಚು ಬರುತ್ತಿದ್ದರೆ ಮೂರು ತಿಂಗಳ ಹಿಂದೆ ಏನಾಗಿತ್ತು ಎಂದು ನೆನಪು ಮಾಡಿಕೊಳ್ಳಿ. ಜೋರು ಜ್ವರ ಬಂದಿತ್ತೇ? ಹೆರಿಗೆ ಆಗಿತ್ತೇ? ಆಪರೇಷನ್? ಮನೆಯಲ್ಲಿ ಸಾವು, ದೊಡ್ಡ ಚಿಂತೆ? ಊಟ ಬಿಟ್ಟು ಮೈ ಇಳಿಸಿದ್ದಿರೇ? ಇಂಥ ಕಾರಣ ಇದ್ದು, ಈಗ ಮೈ ಚೆನ್ನಾಗಿದ್ದರೆ, ಕೂದಲು ತಾನಾಗಿಯೇ ತಿರುಗಿ ಬರುತ್ತದೆ. ಸಾಮಾನ್ಯವಾಗಿ ಆರು ತಿಂಗಳಲ್ಲಿ ಉದುರುವುದು ನಿಲ್ಲುತ್ತದೆ. ಹೆರಿಗೆಯಾದವರಿಗೆ ಮೂರು ನಾಲ್ಕನೇ ತಿಂಗಳಲ್ಲಿ ಉದುರಿ, ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಬಹುತೇಕ ಸರಿಹೋಗುತ್ತದೆ. ಹಣೆಯ ಮೇಲೆ ಗಿಡ್ಡ ಗಿಡ್ಡ ಹೊಸ ಕೂದಲು ಎದ್ದು ನಿಂತರೆ ಅದೇ ಒಳ್ಳೆಯ ಸುದ್ದಿ. ಈ ಅವಧಿಯಲ್ಲೇ ಯಾರಾದರೂ ದುಬಾರಿ ಎಣ್ಣೆ ಹಚ್ಚಿದ್ದರೆ, ಹೆಸರು ಎಣ್ಣೆಗೆ ಬರುತ್ತದೆ.

ಜ್ವರ ಇಲ್ಲ, ಹೆರಿಗೆ ಇಲ್ಲ, ಆದರೂ ತಿಂಗಳುಗಟ್ಟಲೆ ಉದುರುತ್ತಲೇ ಇದೆ ಅಂದರೆ ಎರಡು ವಿಷಯ ನೋಡಬೇಕು. ಒಂದು ಥೈರಾಯಿಡ್. ಎಲ್ಲರಿಗಿಂತ ಹೆಚ್ಚು ಚಳಿ ಆಗುವುದು, ಮೈ ತೂಕ ಏರುವುದು, ಮಲಬದ್ಧತೆ, ಸುಸ್ತು, ಮುಟ್ಟಿನ ಏರುಪೇರು ಇದ್ದರೆ ರಕ್ತಪರೀಕ್ಷೆ ಮಾಡಿಸಿ. ಇನ್ನೊಂದು, ನಮ್ಮ ಮನೆಮನೆಯಲ್ಲೂ ಇರುವುದು: ರಕ್ತಹೀನತೆ.

ಒಂದು ಸಂಘದಲ್ಲಿ ನಡೆದದ್ದು

ಮೆಣಸಿನಕಾಯಿ ಬೆಳೆಯುವ ಒಂದು ಹಳ್ಳಿಯ ಸಂಘದಲ್ಲಿ ಮೂವತ್ತು ದಾಟಿದ ಒಬ್ಬ ಸದಸ್ಯೆ ಇದ್ದಳು. ಒಂದು ಥಂಡಿಯಲ್ಲಿ ಕೂದಲು ಬಹಳ ಉದುರಿತೆಂದು ಸಂಘದ ಒಳಸಾಲ ಪಡೆದು ಫೋನಿನಲ್ಲಿ ನೋಡಿದ ಎಣ್ಣೆ ತರಿಸಿದಳು. ಒಂದು ಬಾಟಲಿ ಮುಗಿಯಿತು, ಎರಡನೆಯದೂ ಮುಗಿಯಿತು. ಜಡೆ ಇಲಿಬಾಲದಷ್ಟಾಯಿತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ.

ನಾವು ಆ ಸಭೆಗೆ ಹೋದಾಗ ಆಕೆಯ ಕೂದಲಿಗಿಂತ ಮೊದಲು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆವು. ಒಳಗೆ ಕೆಂಪು ಇರಬೇಕಾದಲ್ಲಿ ಬಿಳಿಚಿಕೊಂಡಿತ್ತು. "ನೀರಿನ ಕೊಡ ಹೊತ್ಕೊಂಡು ಬರೋದ್ರಾಗ ಏದುಸಿರು ಬರ್ತತ್ರಿ. ಮುಟ್ಟು ಎಂಟ್ ಎಂಟ್ ದಿನ ಹೋಗ್ತತಿ. ಅದೇನ್ ಹೇಳೂದು ಅಂತ ಸುಮ್ನಿದ್ದೆ" ಅಂದಳು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.2 ಬಂತು. ಗರ್ಭಿಣಿ ಅಲ್ಲದ ಹೆಂಗಸರಿಗೆ 12 ಇರಬೇಕು.

ಕಬ್ಬಿಣಾಂಶದ ಮಾತ್ರೆ ಶುರುವಾಯಿತು, ಅತಿಯಾದ ಮುಟ್ಟಿಗೂ ಚಿಕಿತ್ಸೆ ಆಯಿತು. ಕೂದಲು ಮರುವಾರವೇ ನಿಲ್ಲಲಿಲ್ಲ. ಐದಾರು ತಿಂಗಳು ಬೇಕಾಯಿತು. ಮುಂದಿನ ವರ್ಷ ಆಕೆ ಹೇಳಿದ ಮಾತು ನಮಗೆ ನೆನಪಿದೆ: "ಕೂದ್ಲಾ ಬಂದ್ವು, ಅದು ಸರಿ. ಆದ್ರ ಈಗ ಕೊಡಾ ಹೊತ್ಕೊಂಡು ನಡುವ ಎಲ್ಲೂ ಇಳಸೂದಿಲ್ರಿ." ಕೂದಲು ಉದುರದೇ ಇದ್ದಿದ್ದರೆ ಆಕೆಯ ರಕ್ತ ಕಡಿಮೆ ಇದೆಯೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಇದು ಒಬ್ಬಳ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ನೂರು ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಅಂದರೆ ಇಪ್ಪತ್ತು ಜನರ ಸಂಘದಲ್ಲಿ ಒಂಬತ್ತು ಹತ್ತು ಮಂದಿ.

ರಕ್ತ ಹೆಚ್ಚಿಸುವ ಥಂಡಿಯ ಊಟ

ನಮ್ಮ ಪುಣ್ಯಕ್ಕೆ, ಕೂದಲಿಗೆ ಬೇಕಾದದ್ದು ಥಂಡಿಯಲ್ಲೇ ನಮ್ಮ ಹೊಲದಲ್ಲಿ, ಸಂತೆಯಲ್ಲಿ ಸಿಗುತ್ತದೆ. ಸಂಕ್ರಾಂತಿಗೆ ಎಳ್ಳು ಹಚ್ಚಿ ಸಜ್ಜೆ ರೊಟ್ಟಿ ಮಾಡುತ್ತೇವಲ್ಲ, ಆ ಸಜ್ಜೆಯಲ್ಲೂ ಎಳ್ಳಿನಲ್ಲೂ ಕಬ್ಬಿಣಾಂಶ ಚೆನ್ನಾಗಿದೆ. ಅದು ಹಬ್ಬಕ್ಕಷ್ಟೇ ಯಾಕೆ? ಥಂಡಿ ಇರುವವರೆಗೂ ವಾರಕ್ಕೆ ಎರಡು ದಿನ ಮಾಡೋಣ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಕಟ್ಟಿಕೊಂಡು ಹೋಗುವ ಬುತ್ತಿಯನ್ನು ನೆನಪು ಮಾಡಿಕೊಳ್ಳಿ: ರೊಟ್ಟಿ, ಕಾಳುಪಲ್ಯ, ಸೊಪ್ಪು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಅದೇ ಸರಿಯಾದ ಊಟ.

1. ಸೊಪ್ಪು, ಕಾಳು: ಪುಂಡಿ, ರಾಜಗಿರಿ, ಮೆಂತ್ಯ, ನುಗ್ಗೆ ಸೊಪ್ಪು, ಹುರುಳಿ, ಹೆಸರು, ಮಡಿಕೆ ಕಾಳು ದಿನಕ್ಕೊಂದಾದರೂ ಇರಲಿ. ಕಬ್ಬಿಣದ ಬಾಣಲಿಯಲ್ಲಿ ಮಾಡಿದರೆ ಇನ್ನೂ ಒಳ್ಳೆಯದು.

2. ಹುಳಿ: ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ ಜೊತೆಗೆ ನಿಂಬೆಹಣ್ಣು, ನೆಲ್ಲಿಕಾಯಿ ಅಥವಾ ಪೇರಲ ಬೇಕು. ನೆಲ್ಲಿಕಾಯಿಯನ್ನು ತಲೆಗೆ ಹಚ್ಚುವುದಕ್ಕಿಂತ ತಿನ್ನುವುದು ಹೆಚ್ಚು ಲಾಭ.

3. ಚಹಾ: ಊಟದ ಜೊತೆ, ಊಟವಾದ ತಕ್ಷಣ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ಒಂದು ತಾಸು ಬಿಟ್ಟು ಕುಡಿಯಿರಿ.

4. ಮೊಟ್ಟೆ, ಮೀನು, ಮಾಂಸ ತಿನ್ನುವವರು ತಮಗೂ ಒಂದು ಪಾಲು ಎತ್ತಿಟ್ಟುಕೊಳ್ಳಿ. ತಿನ್ನದವರು ಬೇಳೆ, ಕಾಳು, ಶೇಂಗಾ, ಮೊಸರು ಹೆಚ್ಚಿಸಿ. ಕೂದಲು ಆಗುವುದೇ ಪ್ರೋಟೀನಿನಿಂದ.

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ಪುಂಡಿಪಲ್ಯ ಮಾಡುವವರು ನಾವು, ಕಾಳು ಕುದಿಸುವವರು ನಾವು. ಗಂಡ, ಮಕ್ಕಳು, ಅತ್ತೆ-ಮಾವ ಎಲ್ಲರ ಊಟ ಆದ ಮೇಲೆ ನಮ್ಮ ತಟ್ಟೆಗೆ ಬರುವುದು ರೊಟ್ಟಿ, ಖಾರ, ತಳದ ತಿಳಿ. ಪ್ರತಿ ತಿಂಗಳು ರಕ್ತ ಕಳೆದುಕೊಳ್ಳುವವಳು ಹೆಂಗಸು, ಕಾಳು ಸಿಗದಿರುವುದೂ ಅವಳಿಗೇ. ಪಲ್ಯ ಇಳಿಸಿದ ಕೂಡಲೇ ನಿಮ್ಮ ಪಾಲು ಒಂದು ಬಟ್ಟಲಿಗೆ ತೆಗೆದಿಡಿ. ಇದು ಸ್ವಾರ್ಥ ಅಲ್ಲ. ಬೆಳೆದ ಹೆಣ್ಣುಮಕ್ಕಳಿಗೂ ಇದನ್ನೇ ಕಲಿಸಿ.

ಮಾತ್ರೆಯ ಬಗ್ಗೆ

ರಕ್ತ ಬಹಳ ಕಡಿಮೆ ಇದ್ದರೆ ಊಟ ಒಂದೇ ಸಾಲದು, ಮಾತ್ರೆ ಬೇಕು. ಹಿಮೋಗ್ಲೋಬಿನ್ ಪರೀಕ್ಷೆ ಮತ್ತು ಮಾತ್ರೆ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಎಷ್ಟು ಮಾತ್ರೆ, ಎಷ್ಟು ದಿನ ಎಂಬುದನ್ನು ವೈದ್ಯರು ಹೇಳುತ್ತಾರೆ. ಮಾತ್ರೆಯಿಂದ ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಡಿ. ಹೊಟ್ಟೆ ತೊಳಸಿದರೆ ಊಟವಾದ ಮೇಲೆ ತೆಗೆದುಕೊಳ್ಳಿ, ಬಿಟ್ಟುಬಿಡಬೇಡಿ. ಚಹಾ, ಹಾಲು, ಕ್ಯಾಲ್ಸಿಯಂ ಮಾತ್ರೆಯ ಜೊತೆ ಬೇಡ. ಸುಸ್ತು ಕಡಿಮೆಯಾಯಿತೆಂದು ನಡುವೆ ನಿಲ್ಲಿಸಬೇಡಿ. ಮಾತ್ರೆಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಮಿಠಾಯಿ ಎಂದು ಮಕ್ಕಳು ಬಹಳ ನುಂಗಿದರೆ ಜೀವಕ್ಕೇ ಅಪಾಯ.

ಬೇಗ ವೈದ್ಯರನ್ನು ಕಾಣಬೇಕಾದದ್ದು ಯಾವಾಗ?

ನಾಣ್ಯದ ಹಾಗೆ ಗುಂಡಗೆ ಬೋಳಾದರೆ. ತಲೆಯಲ್ಲಿ ಕೀವು, ಹುಣ್ಣು, ನೋವು ಇದ್ದರೆ. ಮಕ್ಕಳ ತಲೆಯಲ್ಲಿ ಕೂದಲು ತುಂಡಾಗಿ ಪೊರೆ ಎದ್ದರೆ. ಬೈತಲೆ ದಿನೇ ದಿನೇ ಅಗಲವಾಗುತ್ತಿದ್ದರೆ. ಉದುರುವುದು ಆರು ತಿಂಗಳಾದರೂ ನಿಲ್ಲದಿದ್ದರೆ. ಏದುಸಿರು, ತಲೆಸುತ್ತು, ಅತಿಯಾದ ಮುಟ್ಟು ಜೊತೆಗಿದ್ದರೆ. ಇವುಗಳಿಗೆ ಮನೆಮದ್ದು ಮಾಡುತ್ತಾ ಕೂರಬೇಡಿ.

ಸಂಘದಲ್ಲಿ ನಾವು ಮಾಡಬಹುದಾದದ್ದು

ಈ ಥಂಡಿಯಲ್ಲಿ ಒಂದು ಸಭೆಗೆ ಆಶಾ ಕಾರ್ಯಕರ್ತೆಯನ್ನು ಕರೆಯಿರಿ. ಎಲ್ಲ ಸದಸ್ಯರೂ, ಬೆಳೆದ ಹೆಣ್ಣುಮಕ್ಕಳೂ ಒಂದೇ ದಿನ ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಲು ದಿನ ಗೊತ್ತುಮಾಡಿ. ಒಬ್ಬಳೇ ಹೋಗಲು ಕೂಲಿ ತಪ್ಪುತ್ತದೆ, ನಾಚಿಕೆ ಆಗುತ್ತದೆ. ಹತ್ತು ಮಂದಿ ಹೋದರೆ ಧೈರ್ಯ. ಉಳಿತಾಯದ ಪುಸ್ತಕದ ಕೊನೆಯ ಪುಟದಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಆ ಅಂಕಿಯನ್ನು, ಅವರು ಒಪ್ಪಿದರೆ ಮಾತ್ರ, ಬರೆದಿಡಿ. ಮೂರು ತಿಂಗಳ ಮೇಲೆ ಮತ್ತೆ ನೋಡಿ. ಉಳಿತಾಯ ಏರಿದಂತೆ ಅದೂ ಏರಬೇಕು.

ಸೀಗೆಪುಡಿಯನ್ನು ಸಂಘದವರು ಸೇರಿ ಮನೆಮಟ್ಟಿಗೆ ಮಾಡಿಕೊಂಡರೆ ಖರ್ಚು ಉಳಿಯುತ್ತದೆ. ಪೊಟ್ಟಣ ಕಟ್ಟಿ ಮಾರುವ ಯೋಚನೆ ಇದ್ದರೆ, ಸೌಂದರ್ಯವರ್ಧಕ ತಯಾರಿಸಿ ಮಾರಲು ಪರವಾನಗಿ ಬೇಕು ಎಂಬುದು ನೆನಪಿರಲಿ. ಮೊದಲು ವಿಚಾರಿಸಿ, ಆಮೇಲೆ ಬಂಡವಾಳ ಹಾಕಿ. ಮತ್ತು ಕೂದಲು ಬೆಳೆಸುವ ಎಣ್ಣೆಗೆಂದು ಯಾರಾದರೂ ಒಳಸಾಲ ಕೇಳಿದರೆ, ಸಾಲ ಕೊಡುವ ಮೊದಲು ರಕ್ತಪರೀಕ್ಷೆಯ ಚೀಟಿ ತೋರಿಸು ತಂಗಿ ಅಂತ ಪ್ರೀತಿಯಿಂದ ಹೇಳಿ.

ಸಭೆಯಲ್ಲಿ ಚರ್ಚಿಸಲು:

1. ನಿಮ್ಮ ಬಾಚಣಿಗೆಗೆ ಬಂದ ಕೂದಲಿಗೆ ಬಿಳಿ ಗಂಟು ಇದೆಯೇ, ಇಲ್ಲವೇ?

2. ಮೂರು ತಿಂಗಳ ಹಿಂದೆ ನಿಮ್ಮ ಮೈಗೆ ಏನಾಗಿತ್ತು?

3. ನಿನ್ನೆ ರಾತ್ರಿ ನಿಮ್ಮ ತಟ್ಟೆಗೆ ಕಾಳುಪಲ್ಯ ಎಷ್ಟು ಬಂತು?

4. ನಿಮ್ಮ ಹಿಮೋಗ್ಲೋಬಿನ್ ಎಷ್ಟು? ಕೊನೆಯ ಸಲ ನೋಡಿಸಿದ್ದು ಯಾವಾಗ?

ಅಕ್ಕ-ತಂಗಿಯರೇ, ಕೂದಲಿನ ಚೀಲ ತುಂಬಿದರೆ ಓಣಿಗೆ ಬಂದವರಿಗೆ ಕೊಟ್ಟು ಪಾತ್ರೆ ತೆಗೆದುಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಕೊಡುವ ಮೊದಲು ಎರಡು ಎಳೆ ತೆಗೆದು ಬೆಳಕಿಗೆ ಹಿಡಿದು ನೋಡಿ. ನಿಮ್ಮ ಮೈ ಏನೋ ಹೇಳಿ ಕಳಿಸಿರಬಹುದು.